ಅಂಗೈಯಗಲದ ಯುದ್ಧಗಳು: ಸ್ಕಾಟ್ಲೆಂಡಿನಲ್ಲಿ ಫಿನ್ಲೆಯ ಬೆನ್ನು ಹತ್ತಿ

ಸೋಮವಾರ, ಎಡಿನ್‌ಬರಾ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಸಣ್ಣ ಸ್ಕ್ರೀನ್ ಪ್ರಿಂಟಿಂಗ್ ಘಟಕ ಇದೆ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಗೃಹಪ್ರವೇಶದ ಕಾರ್ಡು, ಇಷ್ಟೇ ನಮ್ಮ ವ್ಯವಹಾರ. ಅಕ್ಕನ ಮಗಳು ಎಡಿನ್‌ಬರಾದಲ್ಲಿ ಓದುತ್ತಿದ್ದಾಳೆ. "ಮದುವೆ ಸೀಸನ್ ಮುಗೀತಲ್ಲ, ಹೋಗಿ ಅವಳನ್ನ ನೋಡ್ಕೊಂಡು ಬಾರೋ" ಎಂದು ಅಕ್ಕ ಹೇಳಿದಾಗ ನಾನು ಕೂಡಲೇ ಒಪ್ಪಿದೆ. ಅದಕ್ಕೆ ನನ್ನದೇ ಒಂದು ಕಾರಣವೂ ಇತ್ತು. ಕೆಲವು ವರ್ಷದ ಹಿಂದೆ ಗಿರಾಕಿಯೊಬ್ಬರು, ಅವರೇ ಡಿಸೈನರ್, ತಮ್ಮ ಫೋನಿನಲ್ಲಿ ಒಂದು ಕಾರ್ಡಿನ ಚಿತ್ರ ತೋರಿಸಿ "ಇಷ್ಟು ಕ್ಲೀನಾಗಿ ಬರಬೇಕು" ಎಂದಿದ್ದರು. ತಿಳಿ ಬಣ್ಣದ ಹಿನ್ನೆಲೆ, ಮೂರೋ ನಾಲ್ಕೋ ಪದ, ಬೇರೇನೂ ಇಲ್ಲ. ಮಾಡಿದವರು ಯಾರು ಎಂದು ಕೇಳಿದಾಗ ಇಯಾನ್ ಹ್ಯಾಮಿಲ್ಟನ್ ಫಿನ್ಲೆ ಎಂಬ ಸ್ಕಾಟಿಷ್ ಕವಿ-ಕಲಾವಿದರ ಹೆಸರು ಸಿಕ್ಕಿತು. ಅಲ್ಲಿಂದ ಶುರುವಾಯಿತು ಈ ಹುಚ್ಚು.

ಫಿನ್ಲೆಯ ತಂದೆತಾಯಿ ಸ್ಕಾಟ್ಲೆಂಡಿನವರು, ಆದರೆ ಅವರು ಹುಟ್ಟಿದ್ದು 1925ರಲ್ಲಿ, ಬಹಾಮಾಸ್‌ನ ನಸಾವಿನಲ್ಲಿ. ಸೈನ್ಯದಲ್ಲಿದ್ದರು, ಕುರಿ ಕಾದರು, ಆರ್ಕ್ನಿ ದ್ವೀಪಗಳಲ್ಲಿ ಬದುಕಿದರು, ಕತೆ ಬರೆದರು. 1961ರಲ್ಲಿ ಜೆಸ್ಸಿ ಮೆಗಫಿ ಅವರ ಜೊತೆ ಸೇರಿ ವೈಲ್ಡ್ ಹಾಥಾರ್ನ್ ಪ್ರೆಸ್ ಶುರು ಮಾಡಿದರು. ಪ್ರೆಸ್ ಅಂದ ಕೂಡಲೇ ದೊಡ್ಡ ಮಿಷನ್ನು ನೆನಪಿಗೆ ಬರುತ್ತದೆ. ಹಾಗೇನಿರಲಿಲ್ಲ. ಬಹುಪಾಲು ಕೆಲಸ ಹೊರಗಿನ ಪ್ರಿಂಟರುಗಳ ಬಳಿ ಆಗುತ್ತಿತ್ತು. ಇವರಿಂದ ಐಡಿಯಾ ಬರುತ್ತಿತ್ತು, ಅಕ್ಷರ ಬಿಡಿಸುವವರು ಒಬ್ಬರು, ಚಿತ್ರ ಬರೆಯುವವರು ಇನ್ನೊಬ್ಬರು, ಅಚ್ಚು ಹಾಕುವವರು ಮತ್ತೊಬ್ಬರು. 2006ರಲ್ಲಿ ತೀರಿಕೊಳ್ಳುವವರೆಗೂ ಆ ಹೆಸರಿನಲ್ಲಿ ಕಾರ್ಡು, ಕಿರುಪುಸ್ತಕ, ಮಡಿಕೆ ಹಾಳೆ, ಪೋಸ್ಟರು ಬರುತ್ತಲೇ ಇದ್ದವು.

ಸಂಜೆ ಅಕ್ಕನ ಮಗಳು ನನ್ನನ್ನು ಕಾಲ್ಟನ್ ಗುಡ್ಡಕ್ಕೆ ಹತ್ತಿಸಿದಳು. ಮೇಲೆ ಗ್ರೀಸಿನ ಪಾರ್ಥೆನಾನ್ ದೇವಾಲಯದ ನಕಲು ಕಟ್ಟಲು ಹೋಗಿ, 1829ರಲ್ಲಿ ದುಡ್ಡು ಖಾಲಿಯಾಗಿ, ಹನ್ನೆರಡು ಕಂಬಕ್ಕೇ ನಿಂತ ಸ್ಮಾರಕ ಇದೆ. ಈ ಊರಿಗೆ 'ಉತ್ತರದ ಅಥೆನ್ಸ್' ಎಂಬ ಬಿರುದು ಬೇರೆ. ಫಿನ್ಲೆ ತಮ್ಮ ಹಳ್ಳಿಯ ಮನೆಗೆ 'ಲಿಟ್ಲ್ ಸ್ಪಾರ್ಟಾ' ಎಂದು ಹೆಸರಿಟ್ಟಿದ್ದು ಇದಕ್ಕೇ. ಹಳೆಯ ಗ್ರೀಸಿನಲ್ಲಿ ಅಥೆನ್ಸಿಗೆ ಎದುರಾಳಿ ಸ್ಪಾರ್ಟಾ ತಾನೆ! ಜೂನ್ ಕೊನೆಯಾದ್ದರಿಂದ ರಾತ್ರಿ ಹತ್ತಾದರೂ ಬೆಳಕಿತ್ತು. ನನಗೋ ನಿದ್ದೆ ತಡೆಯಲಾಗಲಿಲ್ಲ.

ಮಂಗಳವಾರ, ಗ್ರಂಥಾಲಯದಲ್ಲಿ

ಜಾರ್ಜ್ IV ಸೇತುವೆ ಎನ್ನುವ ರಸ್ತೆಯಲ್ಲಿ ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಇದೆ. ಹೆಸರು ಸೇತುವೆ, ಮೇಲೆ ನಿಂತರೆ ಸುಮ್ನೆ ಒಂದು ರಸ್ತೆ. ಬೇಕಾದ್ದನ್ನು ಹುಡುಗಿ ಮೊದಲೇ ಕೇಳಿ ಇಟ್ಟಿದ್ದಳು. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ನನಗೆ ಅದು ಖುಷಿಯಾಯಿತು. ಹಾಳೆಗೆ ಮರ್ಯಾದೆ ಕೊಡುವ ಜಾಗ.

ಮೊದಲು ಬಂದಿದ್ದು ಫಿನ್ಲೆ ನಡೆಸುತ್ತಿದ್ದ 'ಪುವರ್. ಓಲ್ಡ್. ಟಯರ್ಡ್. ಹಾರ್ಸ್.' ಎಂಬ ಪತ್ರಿಕೆಯ ಸಂಚಿಕೆಗಳು. ಬಡ, ಮುದಿ, ದಣಿದ ಕುದುರೆ. ಅಮೆರಿಕದ ಕವಿ ರಾಬರ್ಟ್ ಕ್ರೀಲಿಯ ಕವಿತೆಯೊಂದರಿಂದ ಎತ್ತಿದ ಹೆಸರು. 1962ರಲ್ಲಿ ಶುರುವಾಗಿ ಇಪ್ಪತ್ತೈದು ಸಂಚಿಕೆ ಬಂದವು. ಬಡ ಕುದುರೆ ಹೌದು, ಓಟ ಮಾತ್ರ ಬಡ ಅಲ್ಲ. ತೆಳ್ಳನೆಯ ಕೆಲವೇ ಹಾಳೆ. ಅದರಲ್ಲೇ ರಷ್ಯಾ, ಬ್ರೆಜಿಲ್, ಅಮೆರಿಕದ ಕವಿಗಳು, ಜೊತೆಗೆ ಆಡ್ ರೈನ್‌ಹಾರ್ಟ್, ಬ್ರಿಜೆಟ್ ರೈಲಿಯಂಥ ಕಲಾವಿದರು. ಮೂಲೆಯಲ್ಲಿರುವ ಒಂದು ದೇಶದ ಕವಿ, ಕೈಯಲ್ಲಿ ದುಡ್ಡಿಲ್ಲ, ಅಂಚೆಚೀಟಿ ಅಂಟಿಸಿ ಜಗತ್ತಿನ ಜೊತೆ ಮಾತಾಡುತ್ತಿದ್ದರು.

ಆಮೇಲೆ ಫಿನ್ಲೆಯ ಕಾರ್ಡು, ಪ್ರಿಂಟುಗಳ ಪೆಟ್ಟಿಗೆ ಬಂತು. ಇದಕ್ಕೇ ನಾನು ಏಳು ಸಮುದ್ರ ದಾಟಿದ್ದು.

1950ರ ದಶಕದಲ್ಲಿ ಬ್ರೆಜಿಲ್ ಮತ್ತು ಸ್ವಿಟ್ಜರ್ಲೆಂಡಿನ ಕವಿಗಳು ಕವಿತೆಯನ್ನು ಸಾಲಾಗಿ ಬರೆಯುವುದು ಬಿಟ್ಟು ಹಾಳೆಯ ಮೇಲೆ ಇಡಲು ಶುರು ಮಾಡಿದ್ದರು. ಕಾಂಕ್ರೀಟ್ ಕವಿತೆ ಅಂತ ಅದಕ್ಕೆ ಹೆಸರು. ಗ್ಲಾಸ್ಗೋದ ಕವಿ ಎಡ್ವಿನ್ ಮಾರ್ಗನ್ ಮತ್ತು ಫಿನ್ಲೆ ಇಬ್ಬರೂ ಇದನ್ನು ಸ್ಕಾಟ್ಲೆಂಡಿಗೆ ತಂದರು. 1963ರ 'ರಾಪೆಲ್' ಫಿನ್ಲೆಯ ಮೊದಲ ಕಾಂಕ್ರೀಟ್ ಸಂಗ್ರಹ. ಬಿಡಿ ಹಾಳೆಗಳು, ಹೊಲಿಗೆಯಿಲ್ಲ. ಅದಾದ ಮುಂದಿನ ವರ್ಷದ್ದು 'ಅಕ್ರೊಬ್ಯಾಟ್ಸ್'. ಆ ಒಂದೇ ಪದದ ಅಕ್ಷರಗಳು ಹಾಳೆಯ ತುಂಬ ಓರೆಯಾಗಿ ಹರಡಿಕೊಂಡಿವೆ. ಹೇಗೆ ಓದಿದರೂ ಕಣ್ಣು ಜಿಗಿಯಲೇಬೇಕು. ಸರ್ಕಸ್ ಮಾಡುವುದು ಓದುಗ. ಅದೇ ವರ್ಷದ ಇನ್ನೊಂದರಲ್ಲಿ 'ಓ ಪೇರ್ ಗರ್ಲ್' ಎಂಬ ಮಾತನ್ನೇ ಮತ್ತೆ ಮತ್ತೆ ಜೋಡಿಸಿ ಪೇರ್ ಹಣ್ಣಿನ ಆಕಾರ ಮಾಡಿದ್ದಾರೆ. ಬೇರೆ ದೇಶದಿಂದ ಬಂದು ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳುವ ಹುಡುಗಿಯರಿಗೆ ಅಲ್ಲಿ ಹಾಗನ್ನುತ್ತಾರೆ.

"ಮಾಮ, ಇದು ಕವಿತೇನಾ?" ಎಂದು ಹುಡುಗಿ ಪಿಸುಗುಟ್ಟಿದಳು.

"ನಗು ಬಂತಲ್ವಾ ನಿಂಗೆ? ಸಾಕು ಬಿಡು."

ನಮ್ಮಲ್ಲೂ ಅವಧಾನದಲ್ಲಿ ಚಿತ್ರಕವಿತೆ ಇದೆ. ಚಕ್ರಬಂಧ, ನಾಗಬಂಧ ಎಂದು ಪದ್ಯವನ್ನು ಆಕಾರದೊಳಗೆ ಕೂರಿಸುತ್ತಾರೆ. ಅಲ್ಲಿ ಕವಿಯ ಕಸರತ್ತು ಕಂಡು ಸಭೆ ಚಪ್ಪಾಳೆ ಹೊಡೆಯುತ್ತದೆ. ಫಿನ್ಲೆಯ ಕಾರ್ಡಿನಲ್ಲಿ ಕಸರತ್ತು ಕಾಣುವುದೇ ಇಲ್ಲ. ಎರಡು ಪದ, ಸುತ್ತ ಖಾಲಿ ಜಾಗ. ಖಾಲಿ ಬಿಡುವುದು ಎಷ್ಟು ಕಷ್ಟ ಎಂದು ಲಗ್ನಪತ್ರಿಕೆ ಮಾಡುವವನನ್ನು ಕೇಳಿ. ಗಣಪತಿ, ಕುಲದೇವರು, ತಾತನ ಹೆಸರು, ಮಾವನ ಡಿಗ್ರಿ, ಕೊನೆಗೆ 'ಉಡುಗೊರೆ ಬೇಡ'. ಇಂಚು ಜಾಗ ಉಳಿದರೆ ಗಿರಾಕಿಗೆ ನಷ್ಟವಾದ ಹಾಗೆ.

1970ರ ಒಂದು ಪ್ರಿಂಟಿನ ಮುಂದೆ ತುಂಬ ಹೊತ್ತು ಕೂತೆ. 'ಸಂಜೆ ಬರುತ್ತದೆ, ಅವರು ನೀಲಿ ಹಾಯಿ ಹೊಲಿಯುತ್ತಾರೆ.' ಇಷ್ಟೇ ಮಾತು. ಅವರು ಯಾರು, ಯಾವ ಹಾಯಿ, ಒಂದೂ ಹೇಳುವುದಿಲ್ಲ. ಓದಿದ ಮೇಲೆ ಆಕಾಶ ನೋಡುವ ರೀತಿಯೇ ಬೇರೆ ಆಗುತ್ತದೆ.

ಇವೆಲ್ಲ ಮುದ್ದಾದವು. ಪೆಟ್ಟಿಗೆಯಲ್ಲಿ ಕೆಳಗೆ ಹೋದಂತೆ ಬಣ್ಣ ಬದಲಾಗುತ್ತದೆ. ಹಾಯಿದೋಣಿಗಳ ಜಾಗಕ್ಕೆ ಯುದ್ಧನೌಕೆ ಬರುತ್ತದೆ, ಹೂವಿನ ಪಕ್ಕ ಟ್ಯಾಂಕು. 1977ರ 'ಹೀರೋಯಿಕ್ ಎಂಬ್ಲಮ್ಸ್' ಪುಸ್ತಕದಲ್ಲಿ ಹಳೆಯ ಯುರೋಪಿನ ಲಾಂಛನ ಪುಸ್ತಕಗಳ ಪದ್ಧತಿಯನ್ನೇ ಹಿಡಿದಿದ್ದಾರೆ. ಒಂದು ಚಿತ್ರ, ಒಂದು ಗಾದೆಯಂಥ ಮಾತು, ಪಕ್ಕದಲ್ಲಿ ಟಿಪ್ಪಣಿ. ಚಿತ್ರ ರಾನ್ ಕಾಸ್ಟ್ಲಿಯದು, ಟಿಪ್ಪಣಿ ಸ್ಟೀಫನ್ ಬ್ಯಾನ್ ಅವರದು. ಆಮೇಲೆ 1980ರ ದಶಕ ಬರುತ್ತದೆ. ತಲೆ ಕತ್ತರಿಸುವ ಗಿಲ್ಲೊಟಿನ್ ಯಂತ್ರ, ಫ್ರೆಂಚ್ ಕ್ರಾಂತಿಯ ನಾಯಕರಾದ ಸೇನ್-ಜೂಸ್ಟ್, ರೋಬ್‌ಸ್ಪಿಯರ್. ಕಾರ್ಡು ಅಂಗೈಯಗಲವೇ, ಅಕ್ಷರ ಅಷ್ಟೇ ಚೆಂದ, ಹೇಳುವ ಮಾತು ಮಾತ್ರ ಚಾಕು.

ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಹೆಚ್ಚುಕಡಿಮೆ ಎಲ್ಲದರ ಮೇಲೂ 'ಜೊತೆಗೆ ಇಂಥವರು' ಎಂದು ಸಣ್ಣ ಅಕ್ಷರದಲ್ಲಿ ಹಾಕಿದ್ದಾರೆ. ರಾನ್ ಕಾಸ್ಟ್ಲಿ, ಗ್ಯಾರಿ ಹಿಂಕ್ಸ್, ಮೈಕೆಲ್ ಹಾರ್ವಿ, ನಿಕೊಲಸ್ ಸ್ಲೋನ್. ಅಕ್ಷರ ಬರೆದವರು, ಗೆರೆ ಎಳೆದವರು, ಕಲ್ಲು ಕೆತ್ತಿದವರು. ಜಗತ್ತಿನ ಜೊತೆಗೆಲ್ಲ ಜಗಳ ಕಾದ ಮನುಷ್ಯ ಕೂಲಿಕಾರನ ಹೆಸರನ್ನು ಮರೆಯಲಿಲ್ಲ.

ಬುಧವಾರ, ಆನ್‌ಸ್ಟ್ರದರ್

ಫಿನ್ಲೆಗೆ ಮೀನುದೋಣಿಗಳ ಹುಚ್ಚು. ಹಾಗಾಗಿ ದೋಣಿ ನೋಡಲೇಬೇಕು ಎಂದು ಹಟ ಮಾಡಿದೆ. ಬಸ್ಸಿನಲ್ಲಿ ಎರಡು ಗಂಟೆಗೂ ಜಾಸ್ತಿ. ಫೋರ್ತ್ ಕೊಲ್ಲಿ ದಾಟಿ ಫೈಫ್ ಪ್ರಾಂತ್ಯದ ಕರಾವಳಿ ಹಿಡಿದು ಹೋದರೆ ಆನ್‌ಸ್ಟ್ರದರ್ ಸಿಗುತ್ತದೆ. ಬಂದರಿನ ಎದುರಿಗೇ ಸ್ಕಾಟಿಷ್ ಮೀನುಗಾರಿಕಾ ವಸ್ತುಸಂಗ್ರಹಾಲಯ, 1969ರಲ್ಲಿ ತೆರೆದದ್ದು.

ಇಲ್ಲಿ ದೋಣಿಗಳ ಮೈಮೇಲೆ ದೊಡ್ಡದಾಗಿ ನೋಂದಣಿ ಅಕ್ಷರ ಬರೆದಿರುತ್ತಾರೆ. ಕೆವೈ ಅಂದರೆ ಕರ್ಕಾಡಿ, ಪಿಡಿ ಅಂದರೆ ಪೀಟರ್‌ಹೆಡ್, ಎಲ್‌ಕೆ ಅಂದರೆ ಲರ್ವಿಕ್, ಎಫ್‌ಆರ್ ಅಂದರೆ ಫ್ರೇಸರ್‌ಬರ. ನಮ್ಮ ಲಾರಿಗಳ ಕೆಎ ಇದ್ದ ಹಾಗೆ. ಸಂಗ್ರಹಾಲಯದವರ 'ರೀಪರ್' ಎಂಬ ಹಳೆಯ ಹಾಯಿದೋಣಿ 1902ರದ್ದು, ಅದರ ಮೇಲೆ ಎಫ್‌ಆರ್ 958. ಫಿನ್ಲೆ ಇಂಥ ಬಂದರು ಅಕ್ಷರಗಳನ್ನೇ ಹೆಕ್ಕಿ, ಸುತ್ತು ಸುತ್ತಾಗಿ ಜೋಡಿಸಿ 'ಸೀ ಪಾಪಿ' ಎಂಬ ಕವಿತೆ ಮಾಡಿದರು. ಕಡಲ ಗಸಗಸೆ ಹೂವು. ನೋಡಿದರೆ ಎಸಳು, ಓದಿದರೆ ಬಂದರುಗಳ ಪಟ್ಟಿ. ನಿನ್ನೆ ಕಾಗದದ ಮೇಲೆ ಅದನ್ನು ನೋಡಿದಾಗ ಚೆಂದದ ಡಿಸೈನ್ ಅನಿಸಿತ್ತು. ಇವತ್ತು ಬಂದರಿನಲ್ಲಿ ನಿಂತಾಗ ಅದರೊಳಗೆ ಎಷ್ಟು ಊರು, ಎಷ್ಟು ಮನೆ ಇವೆ ಎಂದು ಗೊತ್ತಾಯಿತು.

'ಗ್ರೀನ್ ವಾಟರ್ಸ್' ಎಂಬ ಇನ್ನೊಂದು ಕವಿತೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ದೋಣಿಗಳ ಹೆಸರೇ. ಬ್ಲೂ ಸ್ಪ್ರೇ, ಕಾನ್‌ಸ್ಟಂಟ್ ಸ್ಟಾರ್, ಡೇಸ್ಟಾರ್. ಬೆಸ್ತರು ಇಟ್ಟ ಹೆಸರುಗಳನ್ನು ಸರಿಯಾದ ಸಾಲಿನಲ್ಲಿ ಇಟ್ಟಿದ್ದೇ ಫಿನ್ಲೆಯ ಮುಖ್ಯ ಕೆಲಸ. ಜೋರಾಗಿ ಓದಿ ನೋಡಿದೆ. ಬೆಂಚಿನ ಮೇಲೆ ಕೂತಿದ್ದ ಅಜ್ಜಿ ತಿರುಗಿ ನೋಡಿ ನಕ್ಕರು.

ಮಧ್ಯಾಹ್ನ ಊಟಕ್ಕೆ ಕರಿದ ಮೀನು, ಆಲೂಗಡ್ಡೆ. ನಾನು ಆಲೂಗಡ್ಡೆ ಮಾತ್ರ. ಗಾಳಿಗೆ ಹುಡುಗಿಯ ಛತ್ರಿ ಮುರಿಯಿತು.

ಗುರುವಾರ, ಗ್ಲಾಸ್ಗೋ

ರೈಲಿನಲ್ಲಿ ಮುಕ್ಕಾಲು ಗಂಟೆ ಚಿಲ್ಲರೆ. ಎಡಿನ್‌ಬರಾ ಶಿಸ್ತಿನ ಊರು, ಗ್ಲಾಸ್ಗೋ ಮಾತಿನ ಊರು. ಟಿಕೆಟ್ ನೋಡುವವರು, ಕಾಫಿ ಕೊಡುವವರು, ಎಲ್ಲರಿಗೂ ನಮ್ಮ ಪೂರ್ವಾಪರ ಬೇಕು. ಅವರು ಆಡುವುದು ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. 1961ರಲ್ಲಿ ಫಿನ್ಲೆ ಇದೇ ಬೀದಿಮಾತಿನಲ್ಲಿ 'ಗ್ಲಾಸ್ಗೋ ಬೀಸ್ಟ್ಸ್' ಎಂಬ ಪುಟ್ಟ ಪುಸ್ತಕ ತಂದರು. ಒಬ್ಬ ತಾನು ಹಿಂದಿನ ಜನ್ಮಗಳಲ್ಲಿ ನರಿಯಾಗಿದ್ದೆ, ಮೀನಾಗಿದ್ದೆ ಎಂದು ಹರಟುತ್ತಾನೆ. ಪಕ್ಕದಲ್ಲಿ ಕಾಗದ ಕತ್ತರಿಸಿ ಮಾಡಿದ ಚಿತ್ರಗಳು. ಆ ಕಾಲದ ದೊಡ್ಡ ಕವಿ ಹ್ಯೂ ಮೆಕ್‌ಡರ್ಮಿಡ್‌ಗೆ ಇದು ಸೇರಲಿಲ್ಲ. ಸ್ಕಾಟ್ಸ್ ಭಾಷೆಯಲ್ಲಿ ಗಂಭೀರ ಕಾವ್ಯ ಬರೆಯಬೇಕು ಎಂದು ಜೀವಮಾನವೆಲ್ಲ ಹೋರಾಡಿದವರು ಅವರು. ಬೀದಿಮಾತು ಅವರಿಗೆ ಅವಮಾನ. 1962ರಲ್ಲಿ ಫಿನ್ಲೆ ಮತ್ತು ಗೆಳೆಯರ ಮೇಲೆ ಒಂದು ಕಿರುಹೊತ್ತಗೆಯನ್ನೇ ಅಚ್ಚು ಹಾಕಿಸಿದರು. 'ರೆಕ್ಕೆಯಿಲ್ಲದ ಕುರೂಪಿ ಹಕ್ಕಿಗಳು' ಅಂತ ಅದರ ಹೆಸರು. ಅಲ್ಲಿಗೆ ಸಾಹಿತಿಗಳ ಜಗಳ ಎಲ್ಲ ಕಡೆ ಒಂದೇ ಅಂತ ಆಯಿತು.

ಕ್ಲೈಡ್ ನದಿಗೆ ಅಡ್ಡಲಾಗಿ ಹಳೆಯ ರೈಲ್ವೆ ಸೇತುವೆಯೊಂದಿತ್ತು. 1960ರ ದಶಕದಲ್ಲಿ ಕೆಡವಿದರು, ಕಲ್ಲಿನ ಕಾಲುಗಳು ಮಾತ್ರ ನೀರಿನಲ್ಲಿ ಉಳಿದವು. 1990ರಲ್ಲಿ ಫಿನ್ಲೆ ಆ ಕಾಲುಗಳ ಮೇಲೆ ಪ್ಲೇಟೋನ ಒಂದು ಮಾತನ್ನು ಗ್ರೀಕ್ ಮತ್ತು ಇಂಗ್ಲಿಷಿನಲ್ಲಿ ಕೆತ್ತಿಸಿದರು: 'ದೊಡ್ಡದೆಲ್ಲವೂ ಬಿರುಗಾಳಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.' ಮೇಲೆ ಏನನ್ನೂ ಹೊರದ ಕಾಲುಗಳು, ಅವುಗಳ ಮೇಲೆ ಈ ಮಾತು! ನಾನು ನಕ್ಕೆ.

ಹುಡುಗಿ ಫೋನಿನಲ್ಲಿ ಏನೋ ಓದಿ ಹೇಳಿದಳು. "ಮಾಮ, ಹೈಡೆಗರ್ ಗೊತ್ತಾ? ಜರ್ಮನಿಯ ತತ್ವಶಾಸ್ತ್ರಜ್ಞ. ಹಿಟ್ಲರ್ ಬಂದ ವರ್ಷ, 1933ರಲ್ಲಿ, ವಿಶ್ವವಿದ್ಯಾಲಯದಲ್ಲಿ ಭಾಷಣ ಮಾಡಿ ಇದೇ ಪ್ಲೇಟೋ ಮಾತಿಂದ ಮುಗಿಸಿದ್ದನಂತೆ."

ನನ್ನ ನಗು ನಿಂತಿತು. ಫಿನ್ಲೆಯಲ್ಲಿ ಯಾವಾಗಲೂ ಹೀಗೇ. ಚೆಂದ ಅಂದುಕೊಂಡು ಹತ್ತಿರ ಹೋದರೆ ಒಳಗೆ ಮುಳ್ಳು.

ಶುಕ್ರವಾರ, ಮಳೆ

ಇಡೀ ದಿನ ಮಳೆ. ಹುಡುಗಿಯ ಅಡುಗೆಮನೆಯಲ್ಲಿ ಬಿಸಿಬೇಳೆಬಾತ್ ಮಾಡಿದೆ. ಪುಡಿ ಅಕ್ಕ ಕಳಿಸಿದ್ದು. ಎಲ್ಲಿಗೂ ಹೋಗಲಿಲ್ಲ. ಗ್ರಂಥಾಲಯದಲ್ಲಿ ಬರೆದುಕೊಂಡ ಟಿಪ್ಪಣಿ ಹರಡಿಕೊಂಡು ಕೂತೆ. ಜಗಳಗಳ ಲೆಕ್ಕ ಹಾಕಿದೆ.

ತಮ್ಮ ಹಳೆಯ ಕವನಸಂಕಲನವನ್ನು ಫಲ್ಕ್ರಮ್ ಪ್ರೆಸ್ ಎಂಬ ಪ್ರಕಾಶನ ಮರುಮುದ್ರಿಸಿ 'ಮೊದಲ ಮುದ್ರಣ' ಎಂದು ಹಾಕಿತು ಎಂದು ಫಿನ್ಲೆ ವರ್ಷಗಟ್ಟಲೆ ಹೋರಾಡಿದರು. ಹೊರಗಿನವರಿಗೆ ಇದು ಸಣ್ಣ ವಿಷಯ ಅನಿಸಬಹುದು. ಅಚ್ಚಿನ ಮನೆಯವನಿಗೆ ಹಾಗಲ್ಲ. ಮುದ್ರಣದ ಸಾಲಿನಲ್ಲಿ ಸುಳ್ಳಿದ್ದರೆ ಪುಸ್ತಕವೇ ಸುಳ್ಳು. ಈ ವಿಷಯದಲ್ಲಿ ನಾನು ಫಿನ್ಲೆಯ ಪಕ್ಷ.

ಇನ್ನೊಂದು ಜಗಳದಲ್ಲಿ ಅಷ್ಟು ಸುಲಭವಾಗಿ ಪಕ್ಷ ವಹಿಸಲಾರೆ. 1989ಕ್ಕೆ ಫ್ರೆಂಚ್ ಕ್ರಾಂತಿಗೆ ಇನ್ನೂರು ವರ್ಷ. ವರ್ಸೇಲ್ಸ್‌ನಲ್ಲಿ ಮಾನವ ಹಕ್ಕುಗಳ ಘೋಷಣೆಯ ನೆನಪಿಗೆ ಒಂದು ತೋಟ ಮಾಡಲು ಫ್ರಾನ್ಸ್ ಸರ್ಕಾರ ಫಿನ್ಲೆಗೆ ಹೇಳಿತ್ತು. ಅಷ್ಟರಲ್ಲಿ ಅವರ 'ಓಸ್ಸೊ' ಎಂಬ ಕೃತಿಯ ಮೇಲೆ ಗಲಾಟೆ ಎದ್ದಿತು. ಇಟಾಲಿಯನ್‌ನಲ್ಲಿ ಮೂಳೆ ಎನ್ನುವ ಆ ಪದದ ನಡುವಿನ ಎರಡು ಎಸ್ಸನ್ನು ನಾತ್ಸಿ ಎಸ್‌ಎಸ್ ಪಡೆಯ ಮಿಂಚಿನ ಗುರುತಿನ ಹಾಗೆ ಕೆತ್ತಿಸಿದ್ದರು. ನಾತ್ಸಿ ಎಂದು ಪತ್ರಿಕೆಗಳು ಕೂಗಿದವು, 1988ರಲ್ಲಿ ಕೆಲಸ ಕೈತಪ್ಪಿತು. ಕೆಡುಕು ನಾಗರಿಕತೆಯ ಮೂಳೆಯೊಳಗೇ ಇದೆ ಎಂದು ತೋರಿಸುವ ಕೃತಿ ಅದು, ಹೊಗಳುವುದಲ್ಲ ಎಂದು ಅವರ ಪರ ಇದ್ದವರು ವಾದಿಸಿದರು. ನನಗೂ ಹಾಗೇ ಕಾಣುತ್ತದೆ. ಆದರೆ ಆ ಗುರುತನ್ನು ಕಂಡು ಮೈ ನಡುಗಿದವರಿಗೆ 'ನಿಮಗೆ ಅರ್ಥವಾಗಲಿಲ್ಲ' ಎನ್ನುವ ಧೈರ್ಯ ನನಗಿಲ್ಲ. ಕೆಲವು ಬ್ಲಾಕುಗಳನ್ನು ಯಾವ ಇಂಕಿನಲ್ಲಿ ಹೊಡೆದರೂ ಹಳೇ ಬಣ್ಣವೇ ಬರುತ್ತದೆ.

ಶನಿವಾರ, ಲಿಟ್ಲ್ ಸ್ಪಾರ್ಟಾ

ಮಳೆ ನಿಂತಿತ್ತು. ನೇರ ಬಸ್ಸಿಲ್ಲ, ಹಾಗಾಗಿ ಹುಡುಗಿಯ ಸಹಪಾಠಿ ಒಬ್ಬಳು ತನ್ನ ಕಾರು ತಂದಳು. ಎಡಿನ್‌ಬರಾದಿಂದ ನೈಋತ್ಯಕ್ಕೆ ಸುಮಾರು 40 ಕಿ.ಮೀ. ಪೆಂಟ್‌ಲ್ಯಾಂಡ್ ಬೆಟ್ಟಗಳ ಮಗ್ಗುಲಿನಲ್ಲಿ ಕಾರ್ಲಾಪ್ಸ್, ವೆಸ್ಟ್ ಲಿಂಟನ್, ಡಾಲ್ಫಿಂಟನ್ ದಾಟಿ ಡನ್ಸೈರ್ ಕಡೆ ತಿರುಗಬೇಕು. ಬೇಸಿಗೆ ತಿಂಗಳುಗಳಲ್ಲಿ ಮಾತ್ರ, ಅದೂ ವಾರದ ಕೆಲವೇ ದಿನ, ಮೊದಲೇ ಟಿಕೆಟ್ ಮಾಡಿಸಿದವರಿಗೆ ಪ್ರವೇಶ. ಕಾರು ಕೆಳಗೆ ನಿಲ್ಲಿಸಿ ಕುರಿಗಳ ನಡುವೆ ಮಣ್ಣುದಾರಿಯಲ್ಲಿ ಹತ್ತಬೇಕು. ನನ್ನ ಬಾಟಾ ಶೂ ಅಲ್ಲಿಗೇ ಕೆಸರಾಯಿತು.

1966ರಲ್ಲಿ ಫಿನ್ಲೆ ಮತ್ತು ಹೆಂಡತಿ ಸೂ ಇಲ್ಲಿಗೆ ಬಂದಾಗ ಇದರ ಹೆಸರು ಸ್ಟೋನಿಪಾತ್. ಪಾಳು ಬಿದ್ದ ತೋಟದ ಮನೆ, ಬೋಳು ಬಯಲು, ಮರ ಅಂದರೆ ಒಂದು ಆ್ಯಶ್ ಮರ. ಇಬ್ಬರೂ ಅಗೆದು, ನೆಟ್ಟು, ಕೊಳ ತೋಡಿದರು. ಫಿನ್ಲೆಗೆ ಹೊರಗೆ ಹೋಗುವುದೆಂದರೆ ಭಯ. ಆ ಕಾಯಿಲೆಯಿಂದ ಸುಮಾರು ಮೂವತ್ತು ವರ್ಷ ಈ ತೋಟ ಬಿಟ್ಟು ಹೋದದ್ದೇ ಅಪರೂಪ. ಹಾಗಾದರೆ ಜಗತ್ತಿನ ಜೊತೆ ಜಗಳ ಆಡಿದ್ದು ಹೇಗೆ? ಅಂಚೆಯಲ್ಲಿ! ಇಲ್ಲಿ ನಿಂತಾಗ ನನಗೆ ಇಡೀ ವಿಷಯ ತಿಳಿಯಾಯಿತು. ಜನ ಬರುವುದು ಈ ಕಲ್ಲಿನ ತೋಟ ನೋಡಲು. ನನ್ನ ಪ್ರಕಾರ ತೋಟ ಆಮೇಲಿನದು, ಕಾಗದ ಮೊದಲಿನದು. ಹಾಳೆಯ ಮೇಲೆ ಪದಕ್ಕೆ ಜಾಗ ಹುಡುಕುವುದನ್ನು ಕಲಿತ ಮನುಷ್ಯ ಅದನ್ನೇ ಬೆಟ್ಟದ ಮೇಲೆ ಮಾಡಿದ್ದಾರೆ.

ಒಳಗೆ 270ಕ್ಕೂ ಜಾಸ್ತಿ ಕೃತಿಗಳು. ಕೆಲವನ್ನು ಹುಡುಕಲೇಬೇಕು, ಸೊಪ್ಪಿನ ಕೆಳಗೆ ಅಡಗಿವೆ. ಬರ್ಚ್ ಮರಗಳ ನಡುವೆ 'ಬರ್ಚ್ ಅನ್ನು ಮರಳಿ ತನ್ನಿ' ಎಂಬ ಕಲ್ಲು. ಬರ್ಚ್ ಕಡ್ಡಿಯಲ್ಲಿ ಹೊಡೆಯುವ ಶಿಕ್ಷೆ ವಾಪಸ್ ಬರಲಿ ಎಂದು ಕೆಲವರು ಅಲ್ಲಿ ಕೂಗುತ್ತಿದ್ದರಂತೆ. ಇವರು ಮರ ನೆಟ್ಟು ಆ ಘೋಷಣೆಯನ್ನೇ ಬರೆಸಿದ್ದಾರೆ. ಆಮೆಯ ಬೆನ್ನ ಮೇಲೆ 'ಪ್ಯಾಂಜರ್ ಲೀಡರ್'. ಪ್ಯಾಂಜರ್ ಅಂದರೆ ಜರ್ಮನ್ ಯುದ್ಧ ಟ್ಯಾಂಕು. ಹಕ್ಕಿಗಳಿಗೆ ಕಾಳು ಹಾಕುವ ಕಟ್ಟೆ ವಿಮಾನವಾಹಕ ಹಡಗಿನ ಆಕಾರ, ಗುಬ್ಬಿ ಬಂದು ಇಳಿದರೆ ಅದೇ ಫೈಟರ್ ವಿಮಾನ. ನೀರಿನ ಅಂಚಿನಲ್ಲಿ ಒಂದು ಗುಚ್ಛ ಹುಲ್ಲು, ಪಕ್ಕದ ಮರದಲ್ಲಿ ಡ್ಯೂರರ್‌ನ ಸಹಿ ಎ.ಡಿ. ನೇತಾಡುತ್ತಿದೆ. ಹುಲ್ಲಿನ ಚಿತ್ರಕ್ಕೆ ಹೆಸರಾದ ಚಿತ್ರಕಾರ ಅವನು. ಇಲ್ಲಿ ಹುಲ್ಲೇ ಚಿತ್ರ, ಸಹಿ ಸಾಕು.

ಲಾಕನ್ ಎಕ್ ಎಂಬ ಸಣ್ಣ ಕೆರೆ ಇದೆ, ಮಗ ಎಕ್‌ನ ಹೆಸರಿನದು. ದಡದಲ್ಲಿ ಕಪ್ಪು ಸ್ಲೇಟ್ ಕಲ್ಲಿನ 'ನ್ಯೂಕ್ಲಿಯರ್ ಸೇಲ್'. ದೂರದಿಂದ ಹಾಯಿ. ಹತ್ತಿರ ಹೋದರೆ ಅಣುಜಲಾಂತರ್ಗಾಮಿಯ ಗೋಪುರ. ಮಂಗಳವಾರದ ನೀಲಿ ಹಾಯಿ ಎಲ್ಲಿ, ಇದೆಲ್ಲಿ.

ಮೇಲಿನ ಬಯಲಿನಲ್ಲಿ ದೊಡ್ಡ ದೊಡ್ಡ ಕಲ್ಲುಗಳು, ಒಂದೊಂದರ ಮೇಲೆ ಒಂದೊಂದು ಪದ: 'ಇಂದಿನ ವ್ಯವಸ್ಥೆಯೇ ನಾಳಿನ ಅವ್ಯವಸ್ಥೆ.' ಸೇನ್-ಜೂಸ್ಟ್‌ನ ಮಾತು. ಒಂದೊಂದು ಪದ ಓದಲೂ ಹೆಜ್ಜೆ ಹಾಕಬೇಕು, ಅಷ್ಟು ಅಗಲ. ಹಿಂದೆ ಬರಿ ಬೆಟ್ಟ, ಮೋಡ. ಇದೇ ಮಾತಿನ ಕಾಗದದ ರೂಪವೂ ಇದೆ. ಕಲ್ಲುಗಳ ಚಿತ್ರ ಕೊಟ್ಟು, ಗೆರೆಯ ಸುತ್ತ ಕತ್ತರಿಸಿ, ಪದಗಳನ್ನು ಸಾಲಾಗಿ ಜೋಡಿಸಿ ಎಂದು ಮಕ್ಕಳ ಆಟದ ಹಾಗೆ ಸೂಚನೆ. ಕ್ರಾಂತಿ ಮಾಡುವವರು ಕತ್ತರಿ ತರಬೇಕು! ನಿಜ ಹೇಳಬೇಕೆಂದರೆ ನನಗೆ ಕಾಗದದ್ದೇ ಜಾಸ್ತಿ ಇಷ್ಟ. ಕಲ್ಲು ಗಂಭೀರ, ಎದುರು ನಿಂತರೆ ತಲೆ ತಗ್ಗುತ್ತದೆ. ಕಾಗದ ತುಂಟ, ನೋಡುವವನ ಕೈಗೇ ಕೆಲಸ ಕೊಡುತ್ತದೆ.

ಇನ್ನು ಈ ತೋಟದ ಪ್ರಸಿದ್ಧ ತೆರಿಗೆ ಯುದ್ಧ. ತೋಟದಲ್ಲಿ ಒಂದು ದನದ ಕೊಟ್ಟಿಗೆಯನ್ನು ಫಿನ್ಲೆ ಮೊದಲು ಗ್ಯಾಲರಿ ಮಾಡಿದ್ದರು. ಆಮೇಲೆ ಇದು ಗ್ಯಾಲರಿ ಅಲ್ಲ, ಉದ್ಯಾನ ದೇವಾಲಯ ಎಂದು ಘೋಷಿಸಿದರು. ಗೋಡೆಯ ಮೇಲೆ ಗ್ರೀಕ್ ದೇವರ ಹೆಸರಿನಲ್ಲಿ 'ಅಪೊಲೊಗೆ: ಅವನ ಸಂಗೀತಕ್ಕೆ, ಅವನ ಕ್ಷಿಪಣಿಗಳಿಗೆ, ಅವನ ಕಾವ್ಯದೇವಿಯರಿಗೆ' ಎಂದು ಬರೆಸಿದರು. ದೇವಾಲಯಕ್ಕೆ ತೆರಿಗೆ ಇಲ್ಲ ತಾನೆ? ಸ್ಟ್ರಾತ್‌ಕ್ಲೈಡ್ ಪ್ರಾಂತೀಯ ಆಡಳಿತ ಒಪ್ಪಲಿಲ್ಲ. ಕಟ್ಟಿ ಅಂದಿತು. ಇವರು ಕಟ್ಟಲಿಲ್ಲ. 1983ರ ಫೆಬ್ರವರಿ 4ರಂದು ಜಪ್ತಿಗೆ ಅಧಿಕಾರಿ ಬಂದರು. ಮೇಲೆ ಫಿನ್ಲೆಯ ಗೆಳೆಯರು 'ಸೇನ್-ಜೂಸ್ಟ್ ಕಾವಲುಪಡೆ' ಎಂದು ಹೆಸರಿಟ್ಟುಕೊಂಡು ಕಾಯುತ್ತಿದ್ದರು, ಜೊತೆಗೆ ಪತ್ರಕರ್ತರು. ಅಧಿಕಾರಿ ಬರಿಗೈಲಿ ಹೋದರು. ಮಾರ್ಚ್ 15ರಂದು ಮತ್ತೆ ಬಂದು ಕೃತಿಗಳನ್ನು ಹೊತ್ತುಕೊಂಡು ಹೋದರು.

ಮೊದಲ ದಿನದ ಗೆಲುವಿಗೆ ದಾರಿಯಲ್ಲಿ ಸ್ಮಾರಕ ಇದೆ. ಮೆಷಿನ್ ಗನ್ನಿನ ಉಬ್ಬುಚಿತ್ರ, ಕೆಳಗೆ ರೋಮಿನ ಕವಿ ವರ್ಜಿಲ್‌ನ ಸಾಲು: 'ಕೊಳಲೇ, ನನ್ನೊಡನೆ ಆರ್ಕೇಡಿಯದ ರಾಗ ಶುರುಮಾಡು.' ಆರ್ಕೇಡಿಯ ಅಂದರೆ ಕವಿಗಳು ಕಲ್ಪಿಸಿಕೊಂಡ ಕುರಿಗಾಹಿಗಳ ನೆಮ್ಮದಿಯ ನಾಡು. ಗನ್ನಿನ ನಳಿಗೆಯಲ್ಲಿ ತೂತುಗಳಿವೆ ನೋಡಿ, ಕೊಳಲಿಗೂ ತೂತು. ಪ್ರತಿ ಹೆಜ್ಜೆಗೂ ಕಾರ್ಡು, ಕರಪತ್ರ, ಪದಕ ಹೊರಬಂದವು. ಸರ್ಕಾರದ ನೋಟಿಸಿಗೆ ಇವರದೂ ಒಂದು ನೋಟಿಸು, ಅದಕ್ಕಿಂತ ಚೆಂದದ ಅಕ್ಷರದಲ್ಲಿ. ಆಡಳಿತದ ಕಡತ ಯಾರ ಹತ್ತಿರ ಇದೆಯೋ. ಇವರ ಕರಪತ್ರ ಗ್ರಂಥಾಲಯದ ಪೆಟ್ಟಿಗೆಯಲ್ಲಿ ಭದ್ರ.

'ಕೆಲವು ತೋಟಗಳನ್ನು ಹಿಂದೆ ಸರಿದು ಕೂರುವ ಜಾಗ ಅನ್ನುತ್ತಾರೆ, ನಿಜಕ್ಕೂ ಅವು ದಾಳಿಗಳು' ಎಂದು ಫಿನ್ಲೆ ಬರೆದಿದ್ದರು. ಸಹಪಾಠಿ ಹುಡುಗಿಗೆ ಮಾತ್ರ ಇದೆಲ್ಲ ಜಾಸ್ತಿಯಾಯಿತು. ಅವಳಿಗೆ ತೆರಿಗೆ ಕಟ್ಟದಿರುವುದು ತಪ್ಪು, ಅಷ್ಟೇ. "ಎಲ್ಲರೂ ಕೊಟ್ಟಿಗೇನ ದೇವಸ್ಥಾನ ಅಂದ್ರೆ ರಸ್ತೆ ಹಾಕೋರು ಯಾರು?" ಎಂದು ಕೆಳಗಿಳಿಯುವವರೆಗೂ ವಾದ ಮಾಡಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಜಿಎಸ್‌ಟಿ ಕಟ್ಟುವವನಿಗೆ ಏನು ಉತ್ತರ ಇರುತ್ತದೆ?

ಭಾನುವಾರ, ಮತ್ತೆ ಎಡಿನ್‌ಬರಾ

ಬೆಳಿಗ್ಗೆ ಮಾಡರ್ನ್ ಟೂ ಎಂಬ ಕಲಾ ಗ್ಯಾಲರಿ. ಶಿಲ್ಪಿ ಪಾವ್ಲೋಟ್ಸಿಯ ದೈತ್ಯ ಲೋಹದ ಮೂರ್ತಿ ಎರಡು ಮಹಡಿ ಎತ್ತರ ನಿಂತಿದೆ. ನೋಡಿ ಬೆರಗಾಗಿ ಹೊರಬಂದೆ, ಆದರೆ ಮನಸ್ಸು ಕಾಗದದ ಮೇಲೇ ಇತ್ತು.

ವೆಸ್ಟ್ ಪೋರ್ಟ್ ರಸ್ತೆಯ ಹಳೆ ಪುಸ್ತಕದಂಗಡಿಗಳಲ್ಲಿ ಹುಡುಕಾಡಿದೆವು. ಒಂದು ಕಡೆ ಫಿನ್ಲೆಯ ಹಳೆಯ ಪ್ರಿಂಟೊಂದು ಗಾಜಿನ ಹಿಂದೆ ಇತ್ತು. ಬೆಲೆ ಕೇಳಿ ನಾನು ಕೈಕಟ್ಟಿ ನಿಂತೆ. ಗೆಳೆಯರಿಗೆ ಸುಮ್ನೆ ಅಂಚೆಯಲ್ಲಿ ಕಳಿಸುತ್ತಿದ್ದ ಕಾಗದ! ಕೊನೆಗೆ ಅಂಗಡಿಯವರು ಒಳಗಿಂದ ಒಂದು ಮಡಿಕೆ ಕಾರ್ಡು ತಂದರು. ಮೂಲೆ ಸ್ವಲ್ಪ ಮಡಚಿದೆ, ಅದಕ್ಕೇ ಅಗ್ಗ. ಒಂದು ದೋಣಿ, ಎರಡು ಪದ. ಬಣ್ಣ ಎರಡೇ, ರಿಜಿಸ್ಟ್ರೇಷನ್, ಅಂದರೆ ಒಂದು ಬಣ್ಣದ ಜೊತೆ ಇನ್ನೊಂದು ಕೂರುವ ಅಳತೆ, ಕೂದಲೆಳೆಯೂ ಆಚೀಚೆ ಇಲ್ಲ. ತಿರುಗಿಸಿ ನೋಡಿದೆ. ವೈಲ್ಡ್ ಹಾಥಾರ್ನ್ ಪ್ರೆಸ್. ಕೆಳಗೆ ಜೊತೆಗಾರನ ಹೆಸರು.

"ನಿಮ್ಮ ಕಾರ್ಡಿನ ಹಿಂದೆ ಹೆಸರು ಹಾಕ್ತೀರಾ ಮಾಮ?"

"ನಮ್ಮ ಘಟಕದ ಹೆಸರು ಇರುತ್ತೆ ಪುಟ್ಟಿ. ಫೋನ್ ನಂಬರೂ."

"ಡಿಸೈನ್ ಮಾಡೋ ಹುಡುಗಂದು? ಪ್ರಿಂಟ್ ಹೊಡೆಯೋ ಅಣ್ಣಂದು?"

"ಲಗ್ನಪತ್ರಿಕೆ ಮೇಲೆ ಅದೆಲ್ಲ ಎಲ್ಲಿ ಹಾಕ್ತಾರೆ? ಗಿರಾಕಿ ಒಪ್ತಾನಾ?"

"ಹಿಂದೆ, ಕೆಳಗೆ, ಸಣ್ಣದಾಗಿ. ಯಾರು ನೋಡ್ತಾರೆ?"

ಯಾರೂ ನೋಡುವುದಿಲ್ಲ, ಅದು ನಿಜ. ಆರು ಪಾಯಿಂಟ್ ಅಕ್ಷರ ಸಾಕಾಗುತ್ತದೆ. ಸ್ಕ್ರೀನ್‌ನಲ್ಲಿ ಆರು ಪಾಯಿಂಟ್ ಕನ್ನಡ ಹೊಡೆದರೆ ಒತ್ತಕ್ಷರ ತುಂಬಿಕೊಂಡುಬಿಡುತ್ತದೆ, ಏಳಾದರೂ ಬೇಕು ಎಂದು ಅವಳಿಗೆ ವಿವರಿಸುತ್ತಾ ಬಸ್ ಸ್ಟಾಪಿಗೆ ಬಂದೆ.